ಕಾರಿನಲ್ಲಿ ಹ್ಯಾಮ್ ಸೆಟ್: ಮೈಕಿನ ಗುಂಡಿ ಒತ್ತಿದ ಕೂಡಲೇ ಆರಿಹೋಗುತ್ತಿದೆ

ತೋಟದ_ದಾರಿ

ಹಿರಿಯರಿಗೆಲ್ಲ ನಮಸ್ಕಾರ. ನನ್ನದು ಸಕಲೇಶಪುರದ ಪಕ್ಕದ ಕಾಫಿ ತೋಟ. ಕಳೆದ ವರ್ಷ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೊ, ಪರೀಕ್ಷೆ ಬರೆದು, ಮೋರ್ಸ್ ಸಂಕೇತ ಕಲಿತು, ಜನರಲ್ ದರ್ಜೆಯ ಪರವಾನಗಿ ಪಡೆದೆ. ಮನೆಯಲ್ಲಿ ಕೈಯಲ್ಲಿ ಹಿಡಿಯುವ ಸಣ್ಣ ಸೆಟ್ ಇದೆ. ಈಗ ಕಾರಿಗಾಗಿ ಪರಿಚಯದ ಹ್ಯಾಮ್ ಒಬ್ಬರಿಂದ 50 ವ್ಯಾಟ್‌ನ ಎರಡು ಮೀಟರ್ ತರಂಗಪಟ್ಟಿಯ ಸೆಟ್ ಕೊಂಡಿದ್ದೇನೆ.

2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದ ವಾರ ನಮ್ಮ ಕಡೆಯೂ ಶಿರಾಡಿ ಘಾಟಿ ಮುಚ್ಚಿತ್ತು. ಕರೆಂಟಿಲ್ಲದೆ ಮೊಬೈಲ್ ಗೋಪುರಗಳು ಒಂದೊಂದಾಗಿ ಸತ್ತವು. ಮಂಗಳೂರಿನ ಆಸ್ಪತ್ರೆಗೆ ಹೋಗಿದ್ದ ಅಪ್ಪ ಘಾಟಿಯ ಮೇಲಿದ್ದಾರೋ ಕೆಳಗಿದ್ದಾರೋ ಎಂದು ತಿಳಿಯದೆ ಒಂದು ರಾತ್ರಿ, ಒಂದು ಹಗಲು ಕಳೆದೆವು. ಅವರು ಕ್ಷೇಮವಾಗಿಯೇ ಇದ್ದರು. ಆದರೆ ಆ ರಾತ್ರಿಯನ್ನು ನಾನು ಮರೆತಿಲ್ಲ. ಕಾರಿನಲ್ಲಿ ಸೆಟ್ ಇರಬೇಕು ಎಂಬ ಹಟ ಅಲ್ಲಿಂದ ಬಂದದ್ದು.

ತೊಂದರೆ ಹೀಗಿದೆ. ಸಿಗರೇಟ್ ಲೈಟರ್ ಸಾಕೆಟ್ಟಿಗೆ ಪ್ಲಗ್ ಹಾಕಿ ಜೋಡಿಸಿದ್ದೇನೆ. ಕೇಳುವುದಕ್ಕೆ ಏನೂ ಅಡ್ಡಿಯಿಲ್ಲ. 5 ವ್ಯಾಟ್‌ನಲ್ಲಿ ಮಾತೂ ಹೋಗುತ್ತದೆ. 50 ವ್ಯಾಟ್‌ಗೆ ಇಟ್ಟು ಮೈಕಿನ ಗುಂಡಿ ಒತ್ತಿದರೆ ಸೆಟ್ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಸೆಟ್ ಕೆಟ್ಟಿದೆಯೇ? ಆಂಟೆನಾವನ್ನು ಸದ್ಯಕ್ಕೆ ಆಯಸ್ಕಾಂತದ ಬುಡದ ಮೇಲೆ ಚಾವಣಿಗೆ ಅಂಟಿಸಿದ್ದೇನೆ. ಚಾವಣಿ ಕೊರೆಯಲೇಬೇಕೇ? ಕಾರಿಗೆ ಇನ್ನೂ ವಾರಂಟಿ ಇದೆ.

ಮೋರ್ಸ್_ಕಟ್ಟೆ

ತೋಟದ ದಾರಿಯವರೇ, ಸೆಟ್ ಕೆಟ್ಟಿರಲಿಕ್ಕಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದೆ ಜುಟ್ಟಿಗೆ ಮಲ್ಲಿಗೆ ಮುಡಿಸಿದಂತಾಗಿದೆ ಅದರ ಪಾಡು. ಮೊದಲು ಮಲ್ಟಿಮೀಟರ್ ತೆಗೆದುಕೊಳ್ಳಿ. ಸೆಟ್ಟಿನ ಹಿಂಬದಿಗೆ ತಂತಿ ಸೇರುವ ಜಾಗದಲ್ಲಿ, ಗುಂಡಿ ಒತ್ತಿದ ಕ್ಷಣದಲ್ಲಿ ಎಷ್ಟು ವೋಲ್ಟ್ ಇದೆ ಎಂದು ನೋಡಿ ಇಲ್ಲಿ ಬರೆಯಿರಿ. ಬ್ಯಾಟರಿಯ ಮೇಲೆ ಅಳೆದು ಪ್ರಯೋಜನವಿಲ್ಲ, ಸೆಟ್ಟಿನ ಬಾಯಲ್ಲೇ ಅಳೆಯಬೇಕು.

ಇನ್ನೊಂದು ಮಾತು. ನಿಮ್ಮ ಪರವಾನಗಿಯನ್ನು ಮತ್ತೊಮ್ಮೆ ಓದಿಕೊಳ್ಳಿ. ಯಾವ ತರಂಗಪಟ್ಟಿಯಲ್ಲಿ ಎಷ್ಟು ವ್ಯಾಟ್, ಚಲಿಸುವ ವಾಹನದಿಂದ ಪ್ರಸಾರಕ್ಕೆ ಏನು ಷರತ್ತು ಎಂಬುದು ಅದರಲ್ಲಿ, ಅದರ ಹಿಂದಿನ ನಿಯಮಗಳಲ್ಲಿ ಇರುತ್ತದೆ. ಸೆಟ್ 50 ವ್ಯಾಟ್ ಕೊಡುತ್ತದೆ ಎಂದು ನಾವು 50 ವ್ಯಾಟ್ ಬಿಡಬೇಕಾಗಿಲ್ಲ. ನಮ್ಮ ದೇಶದಲ್ಲಿ ಎರಡು ಮೀಟರ್ ಎಂದರೆ 144ರಿಂದ 146 ಮೆಗಾಹರ್ಟ್ಸ್ ಮಾತ್ರ. ಸೆಟ್ ಅದರಾಚೆಗೂ ತೆರೆದುಕೊಂಡರೆ ಅತ್ತ ಕೈ ಹಾಕಬೇಡಿ.

ತೋಟದ_ದಾರಿ

ಅಳೆದೆ ಸರ್. ಎಂಜಿನ್ ಓಡುತ್ತಿರುವಾಗ, ಸುಮ್ಮನೆ ಕೇಳುತ್ತಿದ್ದರೆ 13.9 ವೋಲ್ಟ್. ಗುಂಡಿ ಒತ್ತಿದಾಗ 10.8ಕ್ಕೆ ಬಿದ್ದು ಸೆಟ್ ಆರುತ್ತದೆ.

ಮೋರ್ಸ್_ಕಟ್ಟೆ

ರೋಗ ಸಿಕ್ಕಿತು. ಕಾರಿನ ಸೆಟ್‌ಗಳನ್ನು ಸಾಮಾನ್ಯವಾಗಿ 13.8 ವೋಲ್ಟ್‌ಗೆ ಮಾಡಿರುತ್ತಾರೆ, ಶೇಕಡಾ 15ರಷ್ಟು ಆಚೀಚೆ ಸಹಿಸುತ್ತವೆ. ಅಂದರೆ 11.7ಕ್ಕಿಂತ ಕೆಳಗಿಳಿದರೆ ಸೆಟ್ ನಿಲ್ಲುವುದು ಸಹಜ. 50 ವ್ಯಾಟ್ ಪ್ರಸಾರಕ್ಕೆ ಸುಮಾರು 10ರಿಂದ 15 ಆಂಪಿಯರ್ ಬೇಕು. ಲೈಟರ್ ಸಾಕೆಟ್ಟಿನ ಹಿಂದಿರುವ ತಂತಿಯೂ ಅದರೊಳಗಿನ ಸ್ಪ್ರಿಂಗ್ ಸಂಪರ್ಕವೂ ಅಷ್ಟು ಹೊರೆಗೆ ಮಾಡಿದವಲ್ಲ. ಐದು ನಿಮಿಷ ಮಾತನಾಡಿ ಪ್ಲಗ್ ಮುಟ್ಟಿ ನೋಡಿ, ಬಿಸಿಯಾಗಿರುತ್ತದೆ. ನೀವು ಕಳೆದುಕೊಂಡ ಮೂರು ವೋಲ್ಟ್ ಅಲ್ಲೇ ಉರಿಯುತ್ತಿರುವುದು.

ಲೆಕ್ಕ ಕೊಡುತ್ತೇನೆ, ಅಂಗಡಿಯಲ್ಲಿ ಕೇಳಲು ಉಪಯೋಗಕ್ಕೆ ಬರುತ್ತದೆ. ಬ್ಯಾಟರಿಯಿಂದ ಸೆಟ್‌ಗೆ ನಾಲ್ಕು ಮೀಟರ್ ಎಂದುಕೊಳ್ಳಿ, ಹೋಗಿ ಬರುವ ದಾರಿ ಎಂಟು ಮೀಟರ್. 1.5 ಚದರ ಮಿಲಿಮೀಟರ್ ತಾಮ್ರದ ತಂತಿಯಲ್ಲಿ 12 ಆಂಪಿಯರ್ ಹರಿದರೆ ಹೆಚ್ಚುಕಡಿಮೆ 1.1 ವೋಲ್ಟ್ ದಾರಿಯಲ್ಲೇ ಹೋಗುತ್ತದೆ. 4 ಚದರ ಮಿಲಿಮೀಟರ್ ಆದರೆ 0.4. 6 ಆದರೆ 0.3ಕ್ಕಿಂತ ಕಡಿಮೆ. ನಾನಾದರೆ 6 ಹಾಕುತ್ತೇನೆ. ಬಹು ಎಳೆಯ, ಬಗ್ಗುವ ತಾಮ್ರದ ತಂತಿಯೇ ಆಗಬೇಕು. ಅಲ್ಯುಮಿನಿಯಂಗೆ ತಾಮ್ರದ ಲೇಪ ಹಚ್ಚಿದ್ದನ್ನು ತಾಮ್ರವೆಂದೇ ಮಾರುವವರಿದ್ದಾರೆ. ತುದಿಯನ್ನು ಚಾಕುವಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ಬೇಡ.

ಬ್ಯಾಟರಿಯಿಂದ ನೇರವಾಗಿ ತನ್ನಿ. ಕಾರಿನ ಸ್ವಂತ ವೈರಿಂಗ್ ಅನ್ನು ಎಲ್ಲೂ ಕತ್ತರಿಸಬೇಡಿ. ಹಾಗೆ ಮಾಡಿದರೆ ವಾರಂಟಿಯ ತಕರಾರೂ ಕಡಿಮೆ. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಲಿ, ಒಂದು ಗೇಣಿಗಿಂತ ದೂರ ಬೇಡ. ಸೆಟ್ ಹತ್ತಿರ ಫ್ಯೂಸ್ ಇದೆಯಲ್ಲ ಎಂದು ಬಿಡುವವರಿದ್ದಾರೆ. ಆ ಫ್ಯೂಸ್ ಕಾಯುವುದು ಸೆಟ್ಟನ್ನು. ಬಾನೆಟ್ ಒಳಗೆ ತಂತಿಯ ಹೊದಿಕೆ ಸವೆದು ಬಾಡಿಗೆ ತಗುಲಿದರೆ ಕಾರನ್ನು ಕಾಯುವವರು ಯಾರು? ಕೆಂಪು, ಕಪ್ಪು ಎರಡು ತಂತಿಗೂ ಫ್ಯೂಸ್ ಹಾಕಿ ಎರಡನ್ನೂ ಬ್ಯಾಟರಿಯ ಕಂಬಗಳಿಗೇ ಕಟ್ಟಿ.

ಗ್ಯಾರೇಜ್_ದೀಪ

ಹಿರಿಯರು ಹೇಳಿದ ಕೊನೆಯ ಮಾತನ್ನು ನಾನು ಒಪ್ಪುವುದಿಲ್ಲ, ಕ್ಷಮಿಸಿ. ನಾನು ಹಾಸನದಲ್ಲಿ ಕಾರುಗಳ ವೈರಿಂಗ್ ಕೆಲಸ ಮಾಡುವವನು. ಈಗಿನ ಎಷ್ಟೋ ಕಾರುಗಳಲ್ಲಿ ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ ಚಿಕ್ಕ ಸೆನ್ಸರ್ ಪೆಟ್ಟಿಗೆ ಇರುತ್ತದೆ. ಸಿಗ್ನಲ್‌ನಲ್ಲಿ ತಾನೇ ಎಂಜಿನ್ ನಿಲ್ಲಿಸುವ ಕಾರುಗಳಲ್ಲಿ ಇದು ಸಾಮಾನ್ಯ. ಬ್ಯಾಟರಿಯಿಂದ ಎಷ್ಟು ಕರೆಂಟ್ ಹೋಯಿತು, ಎಷ್ಟು ಬಂತು ಎಂದು ಅದು ಲೆಕ್ಕವಿಟ್ಟು, ಬ್ಯಾಟರಿ ತುಂಬಿಸುವ ಆಲ್ಟರ್ನೇಟರ್ ಎಷ್ಟು ದುಡಿಯಬೇಕೆಂದು ಹೇಳಿಸುತ್ತದೆ. ಕಪ್ಪು ತಂತಿಯನ್ನು ಕಂಬಕ್ಕೇ ಕಟ್ಟಿದರೆ ನಿಮ್ಮ ಸೆಟ್ ತಿನ್ನುವ 12 ಆಂಪಿಯರ್ ಸೆನ್ಸರ್‌ನ ಕಣ್ಣು ತಪ್ಪಿಸಿ ಹೋಗುತ್ತದೆ. ಲೆಕ್ಕ ತಪ್ಪಿದ ಮೇಲೆ ಬ್ಯಾಟರಿ ಅರೆಹೊಟ್ಟೆಯಲ್ಲೇ ಉಳಿಯುತ್ತದೆ.

ಬ್ಯಾಟರಿಯ ನೆಗೆಟಿವ್ ಪಟ್ಟಿ ಕಾರಿನ ಬಾಡಿಗೆ ಬೋಲ್ಟ್ ಆಗುವ ಜಾಗ ಬಾನೆಟ್ ಒಳಗೇ ಇರುತ್ತದೆ. ಕಪ್ಪು ತಂತಿಯನ್ನು ಅಲ್ಲಿಗೆ ತನ್ನಿ.

ಮೋರ್ಸ್_ಕಟ್ಟೆ

ಗ್ಯಾರೇಜ್ ದೀಪದವರೇ, ನಾನು ಕಲಿತ ಪಾಠದ ಹಿಂದಿನ ಕಾರಣವನ್ನೂ ಹೇಳಬೇಕು. ಆ ನೆಗೆಟಿವ್ ಪಟ್ಟಿ ಸಡಿಲವಾದರೆ ಏನಾಗುತ್ತದೆ? ಸ್ಟಾರ್ಟರ್ ಮೋಟಾರಿನ ನೂರಾರು ಆಂಪಿಯರ್ ಬ್ಯಾಟರಿಗೆ ಮರಳಲು ಬೇರೆ ದಾರಿ ಹುಡುಕುತ್ತದೆ. ಸೆಟ್ಟಿನ ಬಾಡಿ, ಅಲ್ಲಿಂದ ಸೆಟ್ಟಿನ ಕಪ್ಪು ತಂತಿ, ಅಲ್ಲಿಂದ ಬ್ಯಾಟರಿ. ತಂತಿ ಕೆಂಡವಾಗುತ್ತದೆ. ಕಪ್ಪು ತಂತಿಗೆ ಫ್ಯೂಸ್ ಹಾಕುತ್ತಿದ್ದದ್ದು ಅದಕ್ಕಾಗಿ.

ಆದರೆ ನೀವು ಹೇಳಿದಂತೆ ಪಟ್ಟಿ ಬಾಡಿಗೆ ಸೇರುವ ಬೋಲ್ಟಿಗೇ ಕಪ್ಪು ತಂತಿ ತಂದರೆ ಆ ಅಡ್ಡದಾರಿಯೇ ಇರುವುದಿಲ್ಲ, ಕಪ್ಪು ಕಡೆಯ ಫ್ಯೂಸೂ ಬೇಕಿಲ್ಲ. ಸೆನ್ಸರ್‌ಗೂ ಲೆಕ್ಕ ಸಿಗುತ್ತದೆ. ನನ್ನ ಕಾರು ಹಳೆಯದು, ಅದರಲ್ಲಿ ಸೆನ್ಸರ್ ಇಲ್ಲ. ಹೊಸ ಕಾರಿನವರು ನಿಮ್ಮ ಮಾತೇ ಕೇಳಬೇಕು. ನಾನು ಮೇಲೆ ಬರೆದದ್ದನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ.

ವೈಎಲ್_ಮೈಸೂರು

ತಂತಿಯ ಮಾತು ಮುಗಿಯುವ ಮೊದಲು ಜೀವದ ಮಾತನ್ನು ಆಡಿಬಿಡುತ್ತೇನೆ.

ಆರು ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ಎರಡು ಪರದೆಯಂತೆ ಕಿಟಕಿಗಳ ಮೇಲೆ ಬಿಚ್ಚಿಕೊಳ್ಳುತ್ತವೆ. ಅವು ಮಡಚಿಕೊಂಡು ಕುಳಿತಿರುವುದು ಚಾವಣಿಯ ಅಂಚಿನಲ್ಲಿ, ಕಂಬಗಳ ಹೊದಿಕೆಯ ಒಳಗೆ. ಆಂಟೆನಾದ ಕೇಬಲ್ ಅಡಗಿಸಲು ಸಲೀಸಾಗಿ ಕಾಣುವ ಜಾಗವೂ ಅದೇ. ಅಲ್ಲಿ ಕೇಬಲ್ ತೂರಿಸಬೇಡಿ. ಕೇಬಲ್ ಬಾಗಿಲ ಕೆಳಗಿನ ಹೊಸ್ತಿಲ ಪಟ್ಟಿಯ ಅಡಿಯಲ್ಲಿ ಹೋಗಲಿ. ಸೆಟ್ಟಿನ ಮುಖವನ್ನೂ ಡ್ಯಾಶ್‌ಬೋರ್ಡಿನ ಮೇಲೆ ಏರ್‌ಬ್ಯಾಗ್ ಸಿಡಿಯುವ ದಾರಿಯಲ್ಲಿ ಕೂರಿಸಬಾರದು. ಅದು ಉಬ್ಬುವುದು ಕಣ್ಣು ರೆಪ್ಪೆ ಮಿಟುಕಿಸುವಷ್ಟರೊಳಗೆ. ಎದುರಿಗಿದ್ದ ವಸ್ತು ಕೂತವರ ಮುಖಕ್ಕೆ ಬರುತ್ತದೆ. ನನ್ನ ಸೆಟ್ಟಿನ ಮುಖ ಗೇರಿನ ಪಕ್ಕ ಕೆಳಗಿದೆ, ಪೆಟ್ಟಿಗೆ ಸೀಟಿನ ಅಡಿಯಲ್ಲಿದೆ.

ಇನ್ನು ಮೈಕ್. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯಲ್ಲಿ, ಓಡಿಸುತ್ತಾ ಕೈಯಲ್ಲಿ ಹಿಡಿಯುವ ಸಂಪರ್ಕ ಸಾಧನ ಬಳಸುವುದು ಅಪಾಯಕಾರಿ ಚಾಲನೆಯ ಪಟ್ಟಿಗೆ ಸೇರಿದೆ. ಹ್ಯಾಮ್ ಮೈಕ್ ಬೇರೆ ಎಂದು ರಸ್ತೆಯಲ್ಲಿ ವಾದಿಸುವುದರಲ್ಲಿ ಅರ್ಥವಿಲ್ಲ. ಕಾನೂನನ್ನು ಬದಿಗಿಟ್ಟರೂ ಶಿರಾಡಿಯ ತಿರುವಿನಲ್ಲಿ ಎದುರಿಗೆ ಟ್ಯಾಂಕರ್ ಬರುತ್ತಿರುವಾಗ ಒಂದು ಕೈ ಮೈಕಿನ ಮೇಲಿರಬಾರದು. ಓಡಿಸುವಾಗ ಕೇಳಿ. ಮಾತನಾಡಬೇಕಾದರೆ ಗಾಡಿಯನ್ನು ಬದಿಗೆ ಹಾಕಿ.

ಪಕ್ಕದಲ್ಲಿ ಕೂತ ಸ್ನೇಹಿತರ ಕೈಗೆ ಮೈಕ್ ಕೊಡುವ ಅಭ್ಯಾಸವೂ ಬೇಡ, ಅವರಿಗೆ ಪರವಾನಗಿ ಇಲ್ಲದಿದ್ದರೆ. ತೋಟದ ದಾರಿಯವರೇ, ತಂದೆಯವರೊಡನೆ ಮಾತನಾಡುವುದು ನಿಮ್ಮ ಉದ್ದೇಶವಾಗಿದ್ದರೆ ಅವರೂ ಪರೀಕ್ಷೆ ಬರೆಯಬೇಕು. ರೆಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ ಬೇಕಿಲ್ಲ.

ತೋಟದ_ದಾರಿ

ಅಪ್ಪನಿಗೆ ಅರವತ್ತೆಂಟು ಮೇಡಂ. ನಿನ್ನೆ ರಾತ್ರಿ ನನ್ನ ಪುಸ್ತಕ ತೆಗೆದು ಓಮ್‌ನ ನಿಯಮದ ಪುಟ ತೆರೆದು ಕೂತಿದ್ದರು. ನಾನು ಏನೂ ಕೇಳಲಿಲ್ಲ.

ಆಂಟೆನಾದ ಬಗ್ಗೆ ಯಾರಾದರೂ ಹೇಳಿ. ಕೊರೆಯಲೋ ಬೇಡವೋ?

ಕಡಲತೀರ_145

ಮಂಗಳೂರಿನಿಂದ ಬರೆಯುತ್ತಿದ್ದೇನೆ. ಚಾವಣಿಯ ನಟ್ಟನಡುವೆ ಕೊರೆದು ಕೂರಿಸಿದ ಆಂಟೆನಾಕ್ಕೆ ಸಮ ಇನ್ನೊಂದಿಲ್ಲ. ಸುತ್ತ ಎಲ್ಲ ಕಡೆ ಲೋಹದ ಹಾಳೆ ಇರುವುದರಿಂದ ಎಲ್ಲ ದಿಕ್ಕಿಗೂ ಒಂದೇ ತೆರನಾಗಿ ದನಿ ಹೋಗುತ್ತದೆ. ಆಯಸ್ಕಾಂತದ ಬುಡವೂ ಅಲ್ಲೇ ಕೂತರೆ ದನಿಯಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಆದರೆ ಅದರ ಅಡಿಗೆ ಧೂಳು ಸೇರುತ್ತದೆ, ಗಾಳಿಗೆ ಬುಡ ಒಂದಿಷ್ಟೇ ಅಲುಗಾಡಿದರೂ ಆ ಧೂಳು ಉಪ್ಪುಕಾಗದದಂತೆ ಬಣ್ಣವನ್ನು ಉಜ್ಜುತ್ತದೆ. ನಮ್ಮ ಉಪ್ಪು ಗಾಳಿಗೆ ಒಂದೇ ಮಳೆಗಾಲದಲ್ಲಿ ದುಂಡನೆಯ ತುಕ್ಕಿನ ಮಚ್ಚೆ ಬಂತು ನನ್ನ ಕಾರಿಗೆ. ಹಾಕಲೇಬೇಕಾದರೆ ವಾರಕ್ಕೊಮ್ಮೆ ಎತ್ತಿ ಒರೆಸಿ. ಎಳೆದು ಸರಿಸಬೇಡಿ, ಒಂದು ಕಡೆಯಿಂದ ವಾಲಿಸಿ ಎತ್ತಿ. ಚಾವಣಿಯೆಲ್ಲ ಗಾಜಿರುವ ಕಾರಿನವರಿಗೆ ಈ ದಾರಿಯೇ ಇಲ್ಲ.

ವಾರಂಟಿ ಇರುವಾಗ ಕೊರೆಯಬೇಡಿ. ಹಿಂಬಾಗಿಲ ಅಂಚಿಗೆ ಕಚ್ಚಿಕೊಳ್ಳುವ ಕ್ಲಾಂಪ್ ಸಿಗುತ್ತದೆ, ಅದು ಸಾಕು.

ಮೋರ್ಸ್_ಕಟ್ಟೆ

ಉದ್ದದ ವಿಚಾರ. 145 ಮೆಗಾಹರ್ಟ್ಸ್‌ನ ಅಲೆ ಎರಡು ಮೀಟರಿಗಿಂತ ತುಸು ಹೆಚ್ಚು, ಅದರ ಕಾಲು ಭಾಗ ಸುಮಾರು ಅರ್ಧ ಮೀಟರ್. ಎಂಟರಲ್ಲಿ ಐದು ಭಾಗದ ಆಂಟೆನಾ ಒಂದೂಕಾಲು ಮೀಟರ್ ಮೀರುತ್ತದೆ, ಬಯಲಿನಲ್ಲಿ ಅದು ದೂರ ತಲುಪುತ್ತದೆ. ಘಟ್ಟದಲ್ಲಿ ನನ್ನ ಮತ ಕಾಲು ಅಲೆಗೆ. ದನಿ ಹಿಡಿದು ಮತ್ತೆ ಬಿತ್ತರಿಸುವ ರಿಪೀಟರ್ ಆಗಲಿ ಎದುರಿನವರಾಗಲಿ ಅಲ್ಲಿ ನಮಗಿಂತ ಎತ್ತರದಲ್ಲೇ ಇರುತ್ತಾರೆ, ಕಾಲು ಅಲೆಯ ಆಂಟೆನಾ ಮೇಲಕ್ಕೂ ದನಿ ಬೀರುತ್ತದೆ. ಇನ್ನೊಂದು ಕಾರಣ ತೋಟದವರಿಗೆ ಗೊತ್ತೇ ಇದೆ. ಸಿಲ್ವರ್ ಓಕ್ ಕೊಂಬೆಗಳು ಬಾಗಿರುವ ದಾರಿಯಲ್ಲಿ ಒಂದೂಕಾಲು ಮೀಟರಿನ ಕಡ್ಡಿ ಎಷ್ಟು ದಿನ ಉಳಿಯುತ್ತದೆ?

ತೋಟದ_ದಾರಿ

ಭಾನುವಾರ ಇಡೀ ದಿನ ಕೆಲಸ ಮಾಡಿದೆ. ಹಾಸನದಿಂದ ಗ್ಯಾರೇಜ್ ದೀಪದವರೇ ಬಂದು ಜೊತೆಗೆ ನಿಂತರು, ಊಟಕ್ಕೆ ಮಾತ್ರ ಒಪ್ಪಿದರು, ಹಣ ಮುಟ್ಟಲಿಲ್ಲ. ಬ್ಯಾಟರಿಯಿಂದ ಹೊರಟ ತಂತಿಗೆ ಸುಕ್ಕುಕೊಳವೆ ತೊಡಿಸಿ, ಎಂಜಿನ್ ಹಿಂದಿನ ಗೋಡೆಯಲ್ಲಿ ಮೊದಲೇ ಇದ್ದ ರಬ್ಬರ್ ಬುಶ್‌ನ ಮೂಲಕ ಒಳಗೆ ತಂದೆವು. ಕಪ್ಪು ತಂತಿಯ ಬೋಲ್ಟ್ ಜಾಗದಲ್ಲಿ ಬಣ್ಣ ಕೆರೆದು, ಲಗ್ ಕೂರಿಸಿ, ಮೇಲೆ ಗ್ರೀಸ್ ಸವರಿದೆವು. ಆಯಸ್ಕಾಂತದ ಬುಡ ತೆಗೆದು, ಹಿಂಬಾಗಿಲ ಅಂಚಿಗೆ ಕ್ಲಾಂಪ್ ಹಾಕಿ ಕಾಲು ಅಲೆಯ ಆಂಟೆನಾ ಕೂರಿಸಿದೆವು. ಈಗ 50 ವ್ಯಾಟ್‌ನಲ್ಲಿ ಗುಂಡಿ ಒತ್ತಿದರೂ 13.5 ವೋಲ್ಟ್. ಸೆಟ್ ಆರುವುದಿಲ್ಲ.

ಆದರೆ ಎರಡು ಹೊಸ ತೊಂದರೆ. ಎಸ್‌ಡಬ್ಲ್ಯುಆರ್ (ಆಂಟೆನಾದಿಂದ ಶಕ್ತಿ ಎಷ್ಟು ಹಿಂದಿರುಗುತ್ತದೆ ಎಂಬುದರ ಅಳತೆ, 1ರ ಹತ್ತಿರ ಇದ್ದಷ್ಟೂ ಒಳ್ಳೆಯದು) 2.8 ತೋರಿಸುತ್ತಿದೆ. ಮತ್ತು ಕಾರು ಚಾಲೂ ಮಾಡಿದರೆ ರೇಡಿಯೊದಲ್ಲಿ ಜೀರುಂಡೆಯಂತೆ ಒಂದೇ ಸಮನೆ ಕಿರಿಕಿರಿ.

ಗ್ಯಾರೇಜ್_ದೀಪ

ಆ ಕಿರಿಕಿರಿ ಆಕ್ಸಿಲರೇಟರ್ ಒತ್ತಿದರೆ ಏರುತ್ತದೆಯೇ? ಏರಿದರೆ ಆಲ್ಟರ್ನೇಟರ್. ಏರದಿದ್ದರೆ ಬೇರೆ ಯಾವುದೋ. ಎಂಜಿನ್ ನಿಲ್ಲಿಸಿ, ಕೀಲಿ ಮಾತ್ರ ಆನ್ ಇಟ್ಟು, ಒಂದೊಂದೇ ವಸ್ತುವನ್ನು ಕಿತ್ತು ನೋಡಿ. ಮೊದಲು ಮೊಬೈಲ್ ಚಾರ್ಜರ್, ಆಮೇಲೆ ಡ್ಯಾಶ್ ಕ್ಯಾಮೆರಾ.

ತೋಟದ_ದಾರಿ

ಚಾರ್ಜರ್! ಕಿತ್ತ ಕ್ಷಣ ಜೀರುಂಡೆ ನಿಂತಿತು. ಮೊಬೈಲ್ ಸಿಕ್ಕಿಸದೆ ಸುಮ್ಮನೆ ಸಾಕೆಟ್ಟಿನಲ್ಲಿದ್ದಾಗಲೂ ಅದು ಗಲಾಟೆ ಮಾಡುತ್ತಿತ್ತು. ಇಷ್ಟು ದಿನ ಹಾಸನದವರ ಕ್ಷೀಣ ದನಿ ನನಗೆ ಕೇಳದೆ ಹೋದದ್ದು ಇದರಿಂದಲೇ ಇರಬೇಕು.

ಮೋರ್ಸ್_ಕಟ್ಟೆ

ಒಳ್ಳೆಯದಾಯಿತು. ಬೇರೆ ಚಾರ್ಜರ್ ತಂದರೂ ಹೀಗೇ ಪರೀಕ್ಷಿಸಿ, ತಂತಿಯ ಮೇಲೆ ಫೆರೈಟ್ ಉಂಗುರ ಹಾಕಿದರೆ ಕೆಲವೊಮ್ಮೆ ತಗ್ಗುತ್ತದೆ. ಈಗ ಎಸ್‌ಡಬ್ಲ್ಯುಆರ್. ಎಲ್ಲಿ ನಿಲ್ಲಿಸಿ ಅಳೆದಿರಿ?

ತೋಟದ_ದಾರಿ

ತಗಡಿನ ಶೆಡ್ಡಿನೊಳಗೆ.

ಮೋರ್ಸ್_ಕಟ್ಟೆ

ಹೊರಗೆ ತನ್ನಿ. ತಗಡು, ಗೋಡೆ, ಮರ ಯಾವುದೂ ಹತ್ತಿರ ಇರಬಾರದು. ಬಾಗಿಲುಗಳೆಲ್ಲ ಮುಚ್ಚಿರಲಿ, ಯಾರೂ ಆಂಟೆನಾ ಪಕ್ಕ ನಿಲ್ಲದಿರಲಿ, ಪ್ರಸಾರ ಆಗುವಾಗ ಯಾರೂ ಕಡ್ಡಿಯನ್ನು ಮುಟ್ಟದಿರಲಿ. ಕಡಿಮೆ ಶಕ್ತಿಯಲ್ಲಿ, ಚಾನೆಲ್ ಖಾಲಿ ಇದೆಯೇ ಎಂದು ಕೇಳಿ, ಕರೆ ಸಂಕೇತ ಹೇಳಿ, ತರಂಗಪಟ್ಟಿಯ ಕೆಳಗೆ, ನಡುವೆ, ಮೇಲೆ ಮೂರು ಕಡೆ ಅಳೆಯಿರಿ.

ತೋಟದ_ದಾರಿ

ಕಾಫಿ ಒಣಗಿಸುವ ಕಣದ ನಡುವೆ ನಿಲ್ಲಿಸಿ ಅಳೆದೆ. 144.1ರಲ್ಲಿ 1.9, 145ರಲ್ಲಿ 2.1, 145.9ರಲ್ಲಿ 2.4.

ಕಡಲತೀರ_145

ಕತ್ತರಿಗೆ ಕೈ ಹಾಕುವ ಮೊದಲು ಕ್ಲಾಂಪ್ ನೋಡಿ. ಅದರ ಸಣ್ಣ ತಿರುಪುಗಳು ಬಾಗಿಲಂಚಿನ ಬಣ್ಣ ದಾಟಿ ಲೋಹ ಮುಟ್ಟಿವೆಯೇ? ಮೀಟರಿನಲ್ಲಿ ಕ್ಲಾಂಪಿನಿಂದ ಕಾರಿನ ಬಾಡಿಗೆ ರೋಧ ಅಳೆಯಿರಿ, ಸೊನ್ನೆಯ ಹತ್ತಿರ ಇರಬೇಕು. ಹಿಂಬಾಗಿಲು ಕಾರಿಗೆ ಸೇರಿರುವುದು ಬಣ್ಣ ಬಳಿದ ಕೀಲುಗಳಿಂದ, ಅದನ್ನು ನಂಬಲಾಗದು. ಹೆಣೆದ ತಾಮ್ರದ ಚಪ್ಪಟೆ ಪಟ್ಟಿಯೊಂದನ್ನು ಬಾಗಿಲಿನಿಂದ ಬಾಡಿಗೆ, ಆದಷ್ಟು ಗಿಡ್ಡವಾಗಿ ಹಾಕಿ. ಕಾಲು ಅಲೆಯ ಆಂಟೆನಾ ಕಾರಿನ ಲೋಹವನ್ನು ತನ್ನ ಇನ್ನರ್ಧವೆಂದು ಬಳಸುತ್ತದೆ. ಆ ಅರ್ಧವೇ ಕಡಿದುಹೋದರೆ ಕಡ್ಡಿ ಎಷ್ಟು ಕತ್ತರಿಸಿದರೂ ಫಲವಿಲ್ಲ.

ಪಟ್ಟಿ ಹಾಕಿದ ಮೇಲೂ ಕೆಳಗಡೆ ಕಡಿಮೆ, ಮೇಲ್ಗಡೆ ಹೆಚ್ಚು ಬಂದರೆ ಕಡ್ಡಿ ಉದ್ದವಾಗಿದೆ. ಒಂದು ಮಿಲಿಮೀಟರ್ ಕತ್ತರಿಸಿದರೆ ಸುಮಾರು ಕಾಲು ಮೆಗಾಹರ್ಟ್ಸ್‌ನಷ್ಟು ಮೇಲಕ್ಕೆ ಸರಿಯುತ್ತದೆ. ಎರಡೆರಡು ಮಿಲಿಮೀಟರ್ ಮಾತ್ರ ಕತ್ತರಿಸಿ ಪ್ರತಿ ಸಲ ಅಳೆಯಿರಿ. ಕತ್ತರಿಸಿದ್ದನ್ನು ಮತ್ತೆ ಬೆಸೆಯಲಾಗದು.

ರಾಜಧಾನಿ_ರಿಗ್

ನಡುವೆ ಒಂದು ಅನುಭವ. ನನ್ನದು ಎರಡು ತರಂಗಪಟ್ಟಿಯ ಸೆಟ್. ಬೆಂಗಳೂರಿನ ಒಂದು ನೆಲಮಾಳಿಗೆಯಲ್ಲಿ ಸ್ನೇಹಿತರು 434 ಮೆಗಾಹರ್ಟ್ಸ್ ಹತ್ತಿರ ಮಾತನಾಡುತ್ತಿದ್ದಾಗ ನನ್ನ ಕಾರು ರಿಮೋಟ್ ಕೀಲಿಗೆ ತೆರೆಯಲೇ ಇಲ್ಲ. ಎಷ್ಟೋ ಕಾರುಗಳ ಕೀಲಿ 433.92ರಲ್ಲಿ ಕೆಲಸ ಮಾಡುತ್ತದೆ, ನಮ್ಮ 70 ಸೆಂಟಿಮೀಟರ್ ಪಟ್ಟಿ 434ರಿಂದ 438. ಅಕ್ಕಪಕ್ಕದ ಮನೆ. ಹಾಳಾಗುವುದೇನೂ ಇಲ್ಲ, ಪ್ರಸಾರ ನಿಂತರೆ ಸರಿಹೋಗುತ್ತದೆ. ಆದರೆ ಪಕ್ಕದ ಕಾರಿನವರಿಗೆ ಕಾರಣ ತಿಳಿಯುವುದಿಲ್ಲವಲ್ಲ, ಅಂಥಲ್ಲಿ ಆ ಪಟ್ಟಿ ಬಿಟ್ಟುಬಿಡುತ್ತೇನೆ.

ಇನ್ನೊಂದು, ಬ್ಯಾಟರಿಗೆ ನೇರ ಕಟ್ಟಿದ ಸೆಟ್ ಕಾರಿನ ಕೀಲಿ ತೆಗೆದರೂ ಆರುವುದಿಲ್ಲ. ಸುಮ್ಮನೆ ಕೇಳುತ್ತಿದ್ದರೂ ಅರ್ಧ ಆಂಪಿಯರ್ ತಿನ್ನುತ್ತದೆ ಎಂದುಕೊಂಡರೆ ಒಂದು ರಾತ್ರಿಗೆ ಆರು ಆಂಪಿಯರ್-ಗಂಟೆ. ಚಿಕ್ಕ ಕಾರಿನ 35 ಆಂಪಿಯರ್-ಗಂಟೆಯ ಬ್ಯಾಟರಿ ಎರಡು ಮೂರು ರಾತ್ರಿಗೆ ಸೋಲುತ್ತದೆ. ಸೆಟ್ಟಿನಲ್ಲಿ ತಾನೇ ಆರುವ ವ್ಯವಸ್ಥೆ ಇದ್ದರೆ ಹಾಕಿಡಿ.

ತೋಟದ_ದಾರಿ

ತಾಮ್ರದ ಪಟ್ಟಿ ಹಾಕಿದ ಕೂಡಲೇ 145ರಲ್ಲಿ 1.6. ಅಪ್ಪ ಅಂಕಿ ಬರೆದುಕೊಳ್ಳುತ್ತಾ ನಿಂತರು. ನಾಲ್ಕು ಸಲ ಎರಡೆರಡು ಮಿಲಿಮೀಟರ್ ಕತ್ತರಿಸಿದೆ. ಈಗ 1.2.

ಸಂಜೆ ಮಂಜರಾಬಾದ್ ಕೋಟೆಯ ಬುಡದಲ್ಲಿ ಕಾರು ನಿಲ್ಲಿಸಿ ಕರೆದೆ. ಹಾಸನದಿಂದ ಗ್ಯಾರೇಜ್ ದೀಪದವರು 59, ಅಂದರೆ ಮಾತು ಸ್ಪಷ್ಟ, ದನಿ ಬಲವಾಗಿದೆ ಎಂದರು, ಅದೂ ನಾನು 10 ವ್ಯಾಟ್‌ನಲ್ಲಿದ್ದಾಗ. ಅಲ್ಲಿಂದ ಘಾಟಿ ಇಳಿಯುತ್ತಾ ಕೇಳಿದೆ. ಒಂದೆರಡು ತಿರುವು ದಾಟುವಷ್ಟರಲ್ಲಿ ಅವರ ದನಿ ಗುಡ್ಡದ ಹಿಂದೆ ಮುಚ್ಚಿಹೋಯಿತು. ಬದಿಗೆ ನಿಲ್ಲಿಸಿ 50ಕ್ಕೆ ಏರಿಸಿ ಕರೆದರೂ ಉತ್ತರವಿಲ್ಲ.

ಮೋರ್ಸ್_ಕಟ್ಟೆ

ಗುಡ್ಡದೊಳಗೆ ಹಾದುಹೋಗುವ ಶಕ್ತಿ ಈ ಅಲೆಗಿಲ್ಲ ಗೆಳೆಯರೇ, ಎಷ್ಟು ವ್ಯಾಟ್ ಏರಿಸಿದರೂ ಅಷ್ಟೇ. ಎರಡು ಮೀಟರಿನಲ್ಲಿ ಎತ್ತರವೇ ಶಕ್ತಿ. ಮಳೆಗಾಲ ಹಿಡಿಯುವ ಮೊದಲು ಘಾಟಿಯುದ್ದಕ್ಕೂ ಯಾವ ತಿರುವಿನಿಂದ ಹಾಸನ ಸಿಗುತ್ತದೆ, ಎಲ್ಲಿಂದ ಮಂಗಳೂರು ಕಡೆ ತೆರೆದುಕೊಳ್ಳುತ್ತದೆ ಎಂದು ನಿಲ್ಲಿಸಿ ನಿಲ್ಲಿಸಿ ಕರೆದು, ಕಿಲೋಮೀಟರ್ ಕಲ್ಲಿನ ಸಂಖ್ಯೆಯೊಡನೆ ಬರೆದಿಡಿ. ಆ ಒಂದು ಹಾಳೆಗೆ 50 ವ್ಯಾಟ್‌ಗಿಂತ ಬೆಲೆ ಹೆಚ್ಚು.

ವೈಎಲ್_ಮೈಸೂರು

2004ರ ಡಿಸೆಂಬರ್ 26ರಂದು ಸುನಾಮಿ ಬಂದಾಗ ಭಾರತಿ ಪ್ರಸಾದ್ ಅವರು ಅಂಡಮಾನಿನ ಪೋರ್ಟ್ ಬ್ಲೇರ್‌ನಲ್ಲಿದ್ದರು, ಹ್ಯಾಮ್ ಕೇಂದ್ರವೊಂದನ್ನು ನಡೆಸುತ್ತಿದ್ದರು. ಅಲ್ಲಿಂದ ಹೊರಟ ಸುದ್ದಿ ಎಷ್ಟೋ ಮನೆಗಳಿಗೆ ತಮ್ಮವರ ಕ್ಷೇಮ ತಿಳಿಸಿತು. ಆಂಟೆನಾ ಆಗಲೇ ಏರಿತ್ತು, ಸೆಟ್ ಆಗಲೇ ಓಡುತ್ತಿತ್ತು, ಅದೇ ಮುಖ್ಯ. ಆ ಹಾಳೆಯನ್ನು ಈ ತಿಂಗಳೇ ಮಾಡಿ. ನಾನೂ ಒಂದು ಭಾನುವಾರ ಬರುತ್ತೇನೆ, ನೀವು ಮೇಲಿನಿಂದ, ನಾನು ಘಾಟಿಯ ಬುಡದ ಗುಂಡ್ಯದಿಂದ.

ಕಡಲತೀರ_145

ನಾನು ಇಲ್ಲಿ ಮನೆಯ ಮಾಳಿಗೆಯಿಂದ ಕೇಳುತ್ತಿರುತ್ತೇನೆ. ಮಂಜರಾಬಾದಿನಿಂದ ನೀವು ಕರೆದ ಸಂಜೆ ನನಗೆ ಅಲೆ ಬಂದದ್ದು ತಿಳಿಯಿತು, ಮಾತು ಬಿಡಿಸಿಕೊಳ್ಳಲಾಗಲಿಲ್ಲ.

ಒಂದು ಮಾತು ಬಿಟ್ಟಿದ್ದೆ. ಹಿಂಬಾಗಿಲ ರಬ್ಬರಿನ ಅಡಿಯಲ್ಲಿ ಕೇಬಲ್ ಒಳಗೆ ಹೋಗುವ ಮೊದಲು ಅದನ್ನು ಕೆಳಕ್ಕೆ ಒಂದು ಕುಣಿಕೆಯಂತೆ ಇಳಿಬಿಟ್ಟಿದ್ದೀರಾ? ಇಲ್ಲದಿದ್ದರೆ ಮಳೆನೀರು ಕೇಬಲ್ ಹಿಡಿದು ನೇರ ಡಿಕ್ಕಿಯೊಳಗೆ ಇಳಿಯುತ್ತದೆ. ಕುಣಿಕೆಯ ತಳ ಒಳಹೋಗುವ ಜಾಗಕ್ಕಿಂತ ಕೆಳಗಿರಲಿ, ನೀರು ಅಲ್ಲೇ ತೊಟ್ಟಿಕ್ಕಿ ಬೀಳಲಿ. ಬಾಗಿಲು ಮುಚ್ಚಿದಾಗ ಕೇಬಲ್ ಚಪ್ಪಟೆಯಾಗುತ್ತಿದೆಯೇ ಎಂಬುದನ್ನೂ ನೋಡಿ.

ತೋಟದ_ದಾರಿ

ಕುಣಿಕೆ ಬಿಟ್ಟಿರಲಿಲ್ಲ, ನೇರವಾಗಿ ಎಳೆದಿದ್ದೆ. ನಾಳೆ ಬೆಳಿಗ್ಗೆ ಬಿಚ್ಚಿ ಸರಿಮಾಡುತ್ತೇನೆ. ಮೊದಲ ಮಳೆ ಹುಯ್ದ ದಿನ ಡಿಕ್ಕಿಯ ಹಾಸನ್ನು ಮುಟ್ಟಿ ನೋಡಿ ಇಲ್ಲೇ ಬರೆಯುತ್ತೇನೆ. ಮೈಸೂರಿನ ಮೇಡಂ, ಬರುವ ತಿಂಗಳ ಎರಡನೆಯ ಭಾನುವಾರ ನಿಮಗೆ ಆಗುತ್ತದೆಯೇ? ಗುಂಡ್ಯಕ್ಕೆ ನಿಮ್ಮ ಜೊತೆ ಅಪ್ಪನೂ ಬರುತ್ತಾರಂತೆ, ಹಾಳೆ ತುಂಬಿಸಲು. ಎಲ್ಲರಿಗೂ ಶುಭಾಶಯ, ಹ್ಯಾಮ್ ಮಾತಿನಲ್ಲಿ 73.